ಧೋಂಡಿಯ ವಾಘ್: ಬೇಕಾದಾಗ ಸರದಾರ, ಬೇಡಾದಾಗ ಡಕಾಯಿತ

ದಾವಣಗೆರೆಯಿಂದ ಹುಬ್ಬಳ್ಳಿ ಬಸ್ಸು ಹತ್ತಿದವರಿಗೆ ಹರಿಹರದ ಸೇತುವೆ ಗೊತ್ತೇ ಇರುತ್ತೆ. ಕಿಟಕಿ ಪಕ್ಕ ಸೀಟು ಸಿಕ್ಕರೆ ತುಂಗಭದ್ರೆ ನೋಡೋದು, ರಾಣೆಬೆನ್ನೂರು ಬರೋ ಹೊತ್ತಿಗೆ ಒಂದು ತೂಕಡಿಕೆ ತೆಗೆಯೋದು. 1800ರ ಜೂನ್‌ನಲ್ಲಿ ಇದೇ ಹರಿಹರದ ಹತ್ತಿರ ಬ್ರಿಟಿಷರ ದಂಡು ಹೊಳೆ ದಾಟಿತು. ದಳಪತಿ ಆರ್ಥರ್ ವೆಲ್ಲೆಸ್ಲಿ. ಮುಂದೆ 1815ರಲ್ಲಿ ವಾಟರ್ಲೂನಲ್ಲಿ ನೆಪೋಲಿಯನ್ನನನ್ನೇ ಮಣ್ಣುಮುಕ್ಕಿಸಿದ ಮನುಷ್ಯ. ಅಂಥವನು ಇಲ್ಲಿ ಬೆನ್ನಟ್ಟಿ ಬಂದದ್ದು ನಮ್ಮ ಚನ್ನಗಿರಿಯಲ್ಲಿ ಹುಟ್ಟಿದ ಒಬ್ಬ ಮರಾಠ ಕುದುರೆ ಸವಾರನನ್ನು. ಹೆಸರು ಧೋಂಡಿಯ ವಾಘ್. ವಾಘ್ ಅಂದ್ರೆ ಹುಲಿ.

ಹೈದರಾಲಿಯ ಕಾಲದಲ್ಲಿ ಧೋಂಡಿಯ ಮೈಸೂರಿನ ಕುದುರೆ ದಳ ಸೇರಿದ. ಆಮೇಲೆ ಟಿಪ್ಪುವಿನ ನೌಕರಿ. 1790ರಿಂದ 1792ರ ತನಕ ಬ್ರಿಟಿಷರು, ಮರಾಠರು, ನಿಜಾಮ ಮೂವರೂ ಸೇರಿ ಟಿಪ್ಪುವಿನ ಮೇಲೆ ಬಿದ್ದರು. ಟಿಪ್ಪು ಅರ್ಧ ರಾಜ್ಯ ಬಿಟ್ಟುಕೊಡಬೇಕಾಯಿತು. ಆ ಗಲಾಟೆಯಲ್ಲಿ ಧೋಂಡಿಯ ಒಂದಷ್ಟು ಸವಾರರನ್ನು ಕಟ್ಟಿಕೊಂಡು, ಸಿಕ್ಕ ದುಡ್ಡು ಎತ್ತಿಕೊಂಡು ಜಾಗ ಖಾಲಿ ಮಾಡಿದ. ಆಸರೆ ಸಿಕ್ಕಿದ್ದು ಲಕ್ಷ್ಮೇಶ್ವರದಲ್ಲಿ. ಅಲ್ಲಿಂದ ಸವಣೂರು ಸೀಮೆಯ ಲೂಟಿಗೆ ಇಳಿದ. ಅದು ಮರಾಠರ ಕೈಗೆ ಬಂದಿದ್ದ ಸೀಮೆ. ಅವರ ಸರದಾರ ಧೋಂಡೋಪಂತ ಗೋಖಲೆ ಬೆನ್ನಟ್ಟಿ ಹೊರಹಾಕಿದ.

ಈಗ ನೋಡಿ ಮೊದಲನೇ ತಿರುವು. ಮರಾಠರ ಶತ್ರು ತನಗೆ ಮಿತ್ರ ಅಂತ ಟಿಪ್ಪು ಅವನನ್ನು ವಾಪಸ್ ಕರೆಸಿಕೊಂಡ. ಹೋದವನಿಗೆ ಮತಾಂತರ ಆಯಿತು, ಮಲಿಕ್ ಜಹಾನ್ ಖಾನ್ ಅಂತ ಹೊಸ ಹೆಸರು ಬಿತ್ತು. ಇದು ಬಲವಂತದ್ದು ಅಂತ ಬ್ರಿಟಿಷ್ ಇತಿಹಾಸಕಾರರು ಬರೆದಿಟ್ಟಿದ್ದಾರೆ. ಸ್ವಲ್ಪ ದಿನದಲ್ಲೇ ಟಿಪ್ಪುವಿನ ನಂಬಿಕೆ ಹೋಯಿತು. ಕಾಲಿಗೆ ಸಂಕೋಲೆ ಹಾಕಿಸಿ ಶ್ರೀರಂಗಪಟ್ಟಣದ ಸೆರೆಮನೆಗೆ ನೂಕಿಸಿದ.

1799ರ ಮೇ 4ರಂದು ಕೋಟೆ ಬಿತ್ತು, ಟಿಪ್ಪು ಸತ್ತ. ಸೆರೆಮನೆಯ ಬಾಗಿಲು ತೆರೆದವರು ಬ್ರಿಟಿಷ್ ಸಿಪಾಯಿಗಳು! ಟಿಪ್ಪುವಿನ ಕೈದಿ ಅಂದ್ಮೇಲೆ ನಮ್ಮವನೇ ಅಂದುಕೊಂಡಿರಬೇಕು ಪಾಪ. ಧೋಂಡಿಯ ನೆಟ್ಟಗೆ ಬಿದನೂರು ಸೀಮೆಗೆ ಓಡಿದ.

ಆಗ ಟಿಪ್ಪುವಿನ ಕುದುರೆ ದಳ ವಿಸರ್ಜನೆಯಾಗಿತ್ತು. ಕತ್ತಿ ಹಿಡಿಯೋದು ಬಿಟ್ಟು ಬೇರೆ ಕಸುಬು ಕಾಣದ ಸವಾರರು ಊರೂರಲ್ಲಿ ಬರಿಗೈಲಿ ನಿಂತಿದ್ದರು. ಸಂಬಳ ಇಲ್ಲ, ಮೇವು ಇಲ್ಲ. ಅವರಿಗೆಲ್ಲ ಧೋಂಡಿಯನೇ ಧಣಿಯಾದ. ಬ್ರಿಟಿಷ್ ದಂಡು ಬಂದು ಶಿಕಾರಿಪುರ ಹಿಡಿದಾಗ ಗಡಿ ದಾಟಿ ಮರಾಠರ ಸೀಮೆಗೆ ಹಾರಿದ. ಗಡಿ ದಾಟಲು ಬ್ರಿಟಿಷರಿಗೆ ಅಪ್ಪಣೆ ಇರಲಿಲ್ಲ, ನಿಂತರು. ಆಚೆ ಕಾದಿದ್ದವನು ಅದೇ ಹಳೇ ಗೋಖಲೆ. ಮತ್ತೆ ಏಟು ಬಿತ್ತು. ಆದರೆ ಪುಣೆಗೂ ಕೊಲ್ಹಾಪುರಕ್ಕೂ ಆಗ ಜಗಳ. ಪುಣೆಯ ವೈರಿಗೆ ಕೊಲ್ಹಾಪುರದಲ್ಲಿ ನೌಕರಿ ಸಿಕ್ಕಿತು! ಅದನ್ನೂ ಬಹಳ ದಿನ ಮಾಡಲಿಲ್ಲ. 1800ರ ಹೊತ್ತಿಗೆ ಸ್ವಂತ ಬಾವುಟ. ತನಗೆ ತಾನೇ ಇಟ್ಟುಕೊಂಡ ಬಿರುದು ಉಭಯಲೋಕಾಧೀಶ್ವರ. ಒಂದು ಲೋಕ ಸಾಲದು ಅಂತ ಎರಡಕ್ಕೂ ದೊರೆ!

ಇದು ಬರೀ ಕೊಳ್ಳೆಯ ಕಥೆ ಅಲ್ಲ ಅನ್ನೋದಕ್ಕೆ ಕಾರಣ ಇದೆ. ಬಲಂ ಸೀಮೆಯ ಕೃಷ್ಣಪ್ಪ ನಾಯಕ, ಮಲಬಾರಿನ ಪಳಶ್ಶಿ ರಾಜ, ತಮಿಳು ಸೀಮೆಯ ಮರುದು ಸಹೋದರರು, ಎಲ್ಲರೂ ಅದೇ ಹೊತ್ತಿಗೆ ಬ್ರಿಟಿಷರ ಮೇಲೆ ಎದ್ದಿದ್ದರು. ಅದರಲ್ಲಿ ಪಳಶ್ಶಿ ರಾಜ ಮೊದಲು ಟಿಪ್ಪುವಿನ ವಿರುದ್ಧ ಬ್ರಿಟಿಷರ ಕಡೆ ಇದ್ದವನು. ಬೆಂಕಿ ಒಂದಕ್ಕೊಂದು ತಾಗಿದರೆ ಕಷ್ಟ ಅಂತ ವೆಲ್ಲೆಸ್ಲಿಗೆ ಗೊತ್ತಿತ್ತು. ಬಟೇವಿಯ ದಂಡಯಾತ್ರೆಯ ದೊಡ್ಡ ಹುದ್ದೆ ಬಂದರೂ ಬೇಡ ಎಂದು ಧೋಂಡಿಯನ ಹಿಂದೆ ಬಿದ್ದ. ಪುಣೆಯ ಪೇಶ್ವೆ ಮೀನಮೇಷ ಎಣಿಸಿ ಕೊನೆಗೆ ಗಡಿ ದಾಟಲು ಒಪ್ಪಿಗೆ ಕೊಟ್ಟ.

ಜೂನ್ 30ರಂದು ಕಿತ್ತೂರು ಸೀಮೆಯಲ್ಲಿ ಧೋಂಡಿಯ ಗೋಖಲೆಯ ದಂಡಿನ ಮೇಲೆ ಬಿದ್ದು ಅವನನ್ನು ಕೊಂದ. ವೈರಿಯ ರಕ್ತದಿಂದ ಮೀಸೆಗೆ ಬಣ್ಣ ಹಚ್ಚುವ ಶಪಥ ತೀರಿಸಿಕೊಂಡ ಅನ್ನೋ ಕಥೆ ಮರಾಠರ ಕಡೆ ಉಳಿದಿದೆ. ಅಲ್ಲಿಂದ ಇಳಿಜಾರು. ಜುಲೈ 26ರಂದು ಡಂಬಳದ ಕೋಟೆ ಹೋಯಿತು. 30ರಂದು ಮುನವಳ್ಳಿಯ ಹತ್ತಿರ ಮಲಪ್ರಭೆಯ ದಡದಲ್ಲಿದ್ದ ಪಾಳೆಯ ಹಾಳಾಯಿತು. ಬಹಳ ಜನ ಹೊಳೆ ಪಾಲಾದರು. ಸೆಪ್ಟೆಂಬರ್ 10ರಂದು ನಿಜಾಮನ ರಾಯಚೂರು ಸೀಮೆಯ ಕೋಣಗಲ್ಲಿನಲ್ಲಿ ವೆಲ್ಲೆಸ್ಲಿ ನಾಲ್ಕು ಕುದುರೆ ದಳ ಕಟ್ಟಿಕೊಂಡು ತಾನೇ ಮುಂದೆ ನಿಂತು ನುಗ್ಗಿದ. ಧೋಂಡಿಯನ ಹತ್ತಿರ ಸುಮಾರು 5,000 ಸವಾರರಿದ್ದರು. ಅಲ್ಲೇ ಬಿದ್ದ. ಹೆಣವನ್ನು ಫಿರಂಗಿ ಗಾಡಿಗೆ ಕಟ್ಟಿ ತಂದರು.

ಸಾಮಾನಿನ ಮಧ್ಯೆ ಸಿಕ್ಕಿದ ಅವನ ಪುಟ್ಟ ಮಗ ಸಲಾಬತ್ ಖಾನನನ್ನು ವೆಲ್ಲೆಸ್ಲಿ ತನ್ನ ಡೇರೆಗೆ ಕರೆದೊಯ್ದ. ಊರಿಗೆ ಹೊರಟಾಗ ಅವನ ಖರ್ಚಿಗೆ ದುಡ್ಡು ಇಟ್ಟು ಹೋದ. ಹುಡುಗ ದೊಡ್ಡವನಾಗಿ ಮೈಸೂರು ಅರಸರ ನೌಕರಿ ಮಾಡಿ 1822ರಲ್ಲಿ ಕಾಲರಾದಿಂದ ತೀರಿಕೊಂಡ.

ಇನ್ನು ಗೆದ್ದ ಗೆಳೆಯರ ಕಥೆ ಕೇಳಿ. ಧೋಂಡಿಯ ಸತ್ತ ಒಂದು ತಿಂಗಳಿಗೆ, ಅಕ್ಟೋಬರ್ 12ರಂದು, ನಿಜಾಮ ಹೊಸ ಕರಾರು ಮಾಡಿಕೊಂಡು ಮೈಸೂರಿನಿಂದ ಬಂದ ಪಾಲನ್ನೆಲ್ಲ ಕಂಪನಿಗೇ ಬಿಟ್ಟುಕೊಟ್ಟ. ಬಳ್ಳಾರಿ ಹೀಗೆ ಕಂಪನಿಯ ಕೈಗೆ ಹೋಯಿತು. ಸತ್ತ ಗೋಖಲೆಯ ಅಣ್ಣನ ಮಗ ಬಾಪು ಗೋಖಲೆ ಅಂದು ವೆಲ್ಲೆಸ್ಲಿಯ ಕಡೆ ನಿಂತಿದ್ದ. 1818ರ ಫೆಬ್ರವರಿಯಲ್ಲಿ ಅಷ್ಟಿಯಲ್ಲಿ ಅದೇ ಬ್ರಿಟಿಷರ ಮೇಲೆ ಹೋರಾಡಿ ಸತ್ತ. ಪೇಶ್ವೆಯ ಗಾದಿಯೂ ಆ ವರ್ಷವೇ ಹೋಯಿತು.

ಧೋಂಡಿಯ ದೇವರಂಥ ಮನುಷ್ಯ ಏನಲ್ಲ ಬಿಡಿ. ಸವಣೂರು ಸೀಮೆಯ ರೈತನಿಗೆ, ಪೇಟೆಯ ಅಂಗಡಿಯವನಿಗೆ ಮರಾಠರಿಗೆ ಕೊಟ್ಟ ಕಂದಾಯವೂ ಹೋಯಿತು, ಧೋಂಡಿಯ ಕಿತ್ತುಕೊಂಡದ್ದೂ ಹೋಯಿತು. ಆದರೆ ಅವನನ್ನು ಕರೆದವರು, ಕಟ್ಟಿಹಾಕಿದವರು, ಬಿಟ್ಟವರು, ಕೊಂದವರು ಎಲ್ಲರೂ ಸಿಂಹಾಸನದ ಜನವೇ. ಅವರ ಲೆಕ್ಕದ ಪುಸ್ತಕದಲ್ಲಿ ಅವನ ಹೆಸರು ಒಮ್ಮೆ ಜಮೆ ಕಡೆ, ಒಮ್ಮೆ ಖರ್ಚಿನ ಕಡೆ. ಹರಿಹರದ ಸೇತುವೆ ದಾಟುವಾಗ ನಾಳೆ ಒಮ್ಮೆ ಕಣ್ಣುಬಿಟ್ಟು ಹೊಳೆ ನೋಡಿ. ದಂಡು ದಾಟಿದ ನೀರು ಅದು.