ಡೆಪ್ಯುಟಿ ಚನ್ನಬಸಪ್ಪನವರು

ಘಟಪ್ರಭೆಯ ದಂಡೆಯ ಹಿಡಕಲ್ಲು, ಹುಕ್ಕೇರಿ, ಗೋಕಾವಿಗಳ ಕಡೆಗೆ ಹೊಲದಲ್ಲಿ, ಬಾವಿಯ ಕಟ್ಟೆಯಲ್ಲಿ, ಗುಡಿಯ ಜಗಲಿಯ ಮೇಲೆ ಕಿವಿಗೆ ಬೀಳುವ ಮಾತು ಕನ್ನಡ. ನೂರೈವತ್ತು ವರ್ಷಗಳ ಹಿಂದೆಯೂ ಅದೇ ಇದ್ದಿತು. ಆದರೆ ಅಂದಿನ ಬೆಳಗಾವಿ ಜಿಲ್ಲೆಯಲ್ಲಿ ಹುಡುಗನೊಬ್ಬನು ಸರಕಾರೀ ಸಾಲೆಯ ಹೊಸ್ತಿಲು ದಾಟಿದನೆಂದರೆ ಬಹುಮಟ್ಟಿಗೆ ಮರಾಠಿಯ ಸೀಮೆಗೆ ಕಾಲಿಟ್ಟಂತೆಯೇ. ಪೇಶವೆಯರ ಆಳಿಕೆ ೧೮೧೮ರಲ್ಲಿ ಮುಗಿದರೂ ಅವರ ಕಚೇರಿಯ ಭಾಷೆ ಉಳಿಯಿತು; ಕಚೇರಿಯ ಹಿಂದಿನಿಂದ ಸಾಲೆಯೂ ನಡೆಯಿತು. ತಾಯಿ ಆಡದ ನುಡಿಯಲ್ಲಿ ಲೆಕ್ಕ ಕಲಿಯಬೇಕಾದ ಮಗು ಲೆಕ್ಕವನ್ನೂ ಕಲಿಯಲಿಲ್ಲ, ನುಡಿಯನ್ನೂ ಕಲಿಯಲಿಲ್ಲ. ಸಾಲೆ ಬರಿದಾದಾಗ ಜನಕ್ಕೆ ವಿದ್ಯೆಯ ಹಂಬಲವಿಲ್ಲವೆಂದು ಬರೆದುಬಿಡುವುದು ಬಹು ಸುಲಭ.

ದೋಷ ಜನರದಲ್ಲ, ಸಾಲೆಯದು ಎಂದು ಕಂಡುಕೊಂಡವರಲ್ಲಿ ಡೆಪ್ಯುಟಿ ಚನ್ನಬಸಪ್ಪನವರು ಮುಖ್ಯರು. ಅವರು ಹುಟ್ಟಿದ್ದು ೧೮೩೩ರಲ್ಲಿ, ಧಾರವಾಡದಲ್ಲಿ. ಊರಿನಲ್ಲಿ ದೊರೆತಷ್ಟು ವಿದ್ಯೆಯಿಂದ ತೃಪ್ತಿಯಾಗದೆ ಪುಣೆಗೆ ಹೋಗಿ ಓದಿದರು. ರೈಲು ಕಾಣದ ಆ ದಿನಗಳಲ್ಲಿ ಧಾರವಾಡದ ಹುಡುಗನಿಗೆ ಪುಣೆಯೆಂದರೆ ಪರದೇಶವೇ ಸರಿ. ಮರಾಠಿ, ಇಂಗ್ಲಿಷುಗಳೆರಡನ್ನೂ ಅಲ್ಲಿ ಕರಗತ ಮಾಡಿಕೊಂಡರು. ಅವರ ಕನ್ನಡದ ಕೆಲಸ ಪರಭಾಷಾದ್ವೇಷದಿಂದ ಹುಟ್ಟಿದುದಲ್ಲವೆಂಬುದನ್ನು ಇಲ್ಲಿಯೇ ಹೇಳಿಬಿಡುವುದು ಲೇಸು.

ಮುಂದೆ ಅವರು ಶಿಕ್ಷಕರನ್ನು ತಯಾರಿಸುವ ನಾರ್ಮಲ್ ಸ್ಕೂಲಿನ ಮುಖ್ಯಸ್ಥರಾದರು. ಬೆಳಗಾವಿ ಜಿಲ್ಲೆಯ ಡೆಪ್ಯುಟಿ ಎಜುಕೇಶನಲ್ ಇನ್‌ಸ್ಪೆಕ್ಟರರಾದರು. ಹುದ್ದೆಯ ಹೆಸರು ಮನೆತನದ ಹೆಸರಿನಂತೆ ಅವರಿಗೆ ಅಂಟಿಕೊಂಡಿತು. ದಕ್ಷಿಣ ವಿಭಾಗದ ಶಿಕ್ಷಣಾಧಿಕಾರಿ ರಸೆಲ್ ಸಾಹೇಬರ ಬೆಂಬಲ ಅವರಿಗಿತ್ತು.

ಬೆಂಬಲವಿದ್ದರೂ ಕೆಲಸ ಹಗುರವಾಗಿರಲಿಲ್ಲ. ಸಾಲೆಯ ಹೆಸರನ್ನು ಒಂದು ಹುಕುಮಿನಿಂದ ಬದಲಿಸಬಹುದು. ಕನ್ನಡದಲ್ಲಿ ಕಲಿಸಬಲ್ಲ ಮಾಸ್ತರನನ್ನು ಹುಕುಮಿನಿಂದ ಹುಟ್ಟಿಸಲಾಗದು. ಇದ್ದ ಮಾಸ್ತರರಲ್ಲಿ ಕನ್ನಡಿಗರಾಗಿದ್ದವರೂ ಮರಾಠಿಯಲ್ಲಿಯೇ ಕಲಿತವರು. ಅವರ ಕೈಗೆ ಕೊಡಲು ತಕ್ಕ ಪುಸ್ತಕಗಳೂ ವಿರಳ. ಇನ್ನು ಪಾಲಕನ ಪ್ರಶ್ನೆ: ಕಚೇರಿಯ ಚಾಕರಿ ಮರಾಠಿಯಲ್ಲಿರುವಾಗ ಮಗ ಕನ್ನಡ ಕಲಿತು ಗಳಿಸುವುದೇನು? ಈ ಪ್ರಶ್ನೆಯಲ್ಲಿ ಹುರುಳಿತ್ತು. ಅದನ್ನು ಅಜ್ಞಾನವೆಂದು ತಳ್ಳಿಹಾಕುವವನು ಸಾಲೆಯನ್ನು ಸುಧಾರಿಸಲಾರ. ಚನ್ನಬಸಪ್ಪನವರು ಊರೂರು ಸುತ್ತಿ ಜನರೊಡನೆ ಮಾತನಾಡಿದರು. ಮರಾಠಿ ಸಾಲೆಗಳು ಒಂದೊಂದಾಗಿ ಕನ್ನಡಕ್ಕೆ ತಿರುಗಿದವು. ಬಡ ವಿದ್ಯಾರ್ಥಿಗಳಿಗೆ ಅವರ ಮನೆಯೇ ಆಸರೆಯಾಯಿತು.

ಅವರ ಜಾಣ್ಮೆ ಹೆಚ್ಚಾಗಿ ತೋರುವುದು ಮಾಸ್ತರರ ವಿಷಯದಲ್ಲಿ. ಟ್ರೇನಿಂಗ್ ಕಾಲೇಜಿನ ಪ್ರಾಚಾರ್ಯರಾಗಿ ಅವರು ಪಾಠ ಹೇಳುವವರನ್ನಷ್ಟೇ ಅಲ್ಲ, ಬರೆಯುವವರನ್ನೂ ಬೆಳೆಸಿದರು. ಶಾಕುಂತಲವನ್ನು ಕನ್ನಡಿಸಿದ ಚುರಮುರಿ ಶೇಷಗಿರಿರಾಯರು, ಕಾದಂಬರಿಯನ್ನು ಕನ್ನಡಿಸಿದ ಗಂಗಾಧರ ಮಡಿವಾಳೇಶ್ವರ ತುರಮರಿಯವರು, ವೆಂಕಟ ರಂಗೋ ಕಟ್ಟಿಯವರು, ಇವರೆಲ್ಲ ಅದೇ ಶಿಕ್ಷಣ ಖಾತೆಯ ಆ ಕಾಲದ ಜನ. ಸ್ವತಃ ಚನ್ನಬಸಪ್ಪನವರು ಶೇಕ್ಸ್‌ಪಿಯರನ ಕಾಮಿಡಿ ಆಫ್ ಎರರ್ಸ್ ನಾಟಕವನ್ನು ೧೮೭೧ರಲ್ಲಿ ನಗದವರನ್ನು ನಗಿಸುವ ಕಥೆ ಎಂಬ ಹೆಸರಿನಿಂದ ಹೊರತಂದರು. ಓದುವ ಪುಸ್ತಕವಿಲ್ಲದ ಭಾಷೆಯಲ್ಲಿ ಓದು ಕಲಿಸಿದ್ದು ಸಾಲೆ ಬಿಟ್ಟ ಮರುವರ್ಷವೇ ಮರೆತುಹೋಗುತ್ತದೆಂಬುದನ್ನು ಅವರು ಅರಿತಿದ್ದರೆಂದು ನನ್ನ ಎಣಿಕೆ.

ಹೈಸ್ಕೂಲಿನ ಬಾಗಿಲು ಮಾತ್ರ ಅವರ ಕೈಗೆ ಎಟುಕಲಿಲ್ಲ. ಕನ್ನಡ ಸಾಲೆಯಲ್ಲಿ ಚೆನ್ನಾಗಿ ಕಲಿತು ಬಂದ ಹುಡುಗನು ಅಲ್ಲಿ ಇಂಗ್ಲಿಷಿನ ಗೋಡೆಗೆ ಹಾಯಬೇಕಾಗಿತ್ತು. ಆ ಗೋಡೆ ಅವರ ಕಾಲದ ನಂತರವೂ ಎಷ್ಟೋ ದಶಕ ನಿಂತಿತು; ಮುಂದಿನ ಪೀಳಿಗೆಯ ಶಿಕ್ಷಕರು ೧೯೧೬ರಲ್ಲಿ ಬೆಳಗಾವಿಯಲ್ಲಿ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆಯನ್ನು ಕಟ್ಟಿ ಆ ಮಟ್ಟದ ವಿದ್ಯೆಗೆ ಕೈಹಾಕಿದರು.

ಚನ್ನಬಸಪ್ಪನವರು ೧೮೮೧ರ ಜನವರಿಯಲ್ಲಿ ಬೆಳಗಾವಿಯಲ್ಲಿ ತೀರಿಕೊಂಡರು. ವಯಸ್ಸು ನಲವತ್ತೇಳು. ಅಷ್ಟು ಹೊತ್ತಿಗೆ ಅವರಿಂದ ತರಬೇತಿ ಪಡೆದ ಮಾಸ್ತರರು ಹಳ್ಳಿಗಳ ಸಾಲೆಗಳಲ್ಲಿ ಕನ್ನಡದಲ್ಲಿ ಮಗ್ಗಿ ಹೇಳಿಸುತ್ತಿದ್ದರು.