ಡಾಕ್ಟರ್ ಜೊನಾಥನ್ ಮ್ಯಾನ್

ರೋಗವು ಊರಿಗೆ ಬಂದಿತೆಂದರೆ ಅದರ ಬೆನ್ನಿಗೇ ಭಯವೂ ಬರುತ್ತದೆ. ನಮ್ಮ ನಾಡಿಗೆ ಪ್ಲೇಗು ಬಂದಾಗ ಜನರು ಮನೆಮಠಗಳನ್ನು ತೊರೆದು ಊರಾಚೆ ಗುಡಿಸಲು ಕಟ್ಟಿಕೊಂಡ ಕಥೆಯನ್ನು ಹಿರಿಯರ ಬಾಯಿಂದ ಕೇಳುತ್ತ ಬಂದಿದ್ದೇವೆ. ಭಯವು ರೋಗಕ್ಕೆ ಮಾತ್ರ ಮೀಸಲಾದರೆ ಚಿಂತೆಯಿಲ್ಲ. ಅದು ರೋಗಿಯ ಮೇಲೆ ತಿರುಗಿತೆಂದರೆ ಅನರ್ಥಕ್ಕೆ ಮೊದಲಾಯಿತು. ಏಡ್ಸ್ ರೋಗದ ವಿಷಯದಲ್ಲಿ ಈ ಸತ್ಯವನ್ನು ಮನಗಂಡು, ಅದನ್ನು ಲೋಕದ ಸರಕಾರಗಳಿಗೆ ತಿಳಿಯಹೇಳಲು ತಮ್ಮ ಬಾಳನ್ನು ಸವೆಸಿದವರಲ್ಲಿ ಡಾಕ್ಟರ್ ಜೊನಾಥನ್ ಮ್ಯಾನ್ ಅಗ್ರಗಣ್ಯರು.

ಮ್ಯಾನ್ ಅವರು 1947ರ ಜುಲೈ 30ರಂದು ಅಮೆರಿಕದ ಬಾಸ್ಟನ್ ನಗರದಲ್ಲಿ ಜನಿಸಿದರು. ಹಾರ್ವರ್ಡ್ ಕಾಲೇಜಿನಲ್ಲಿ 1969ರಲ್ಲಿ ನಮ್ಮಂತೆಯೇ ಬಿ.ಎ. ಪದವಿ ಪಡೆದು, ಅನಂತರ ಸೇಂಟ್ ಲೂಯಿಯಲ್ಲಿರುವ ವಾಷಿಂಗ್ಟನ್ ವಿಶ್ವವಿದ್ಯಾಲಯದಿಂದ 1974ರಲ್ಲಿ ವೈದ್ಯರಾಗಿ ಹೊರಬಂದರು. ಹಣ ತರುವ ಖಾಸಗಿ ವೃತ್ತಿಯತ್ತ ಮನಗೊಡದೆ ಸಾರ್ವಜನಿಕ ಆರೋಗ್ಯದ ಕೆಲಸವನ್ನು ಆರಿಸಿಕೊಂಡು, ನ್ಯೂ ಮೆಕ್ಸಿಕೋ ಸಂಸ್ಥಾನದಲ್ಲಿ ಸಾಂಕ್ರಾಮಿಕ ರೋಗಗಳ ತಪಾಸಣೆಯಲ್ಲಿ ಹಲವು ವರ್ಷ ದುಡಿದರು.

1981ರಲ್ಲಿ ಅಮೆರಿಕದಲ್ಲಿ ಏಡ್ಸ್ ಮೊದಲು ಬೆಳಕಿಗೆ ಬಂದಿತು. ಅದು ಸಲಿಂಗಿ ಪುರುಷರಿಗೆ ಮಾತ್ರ ತಗಲುವ ಪಿಡುಗೆಂದು ಹಲವರು ಭಾವಿಸಿದರು. 1984ರಲ್ಲಿ ಮ್ಯಾನ್ ಅವರು ಆಫ್ರಿಕದ ಜಾಯಿರ್ ದೇಶದ, ಅಂದರೆ ಇಂದಿನ ಕಾಂಗೋ ಪ್ರಜಾಸತ್ತಾತ್ಮಕ ಗಣರಾಜ್ಯದ, ಕಿನ್ಶಾಸಾ ನಗರಕ್ಕೆ ಹೋಗಿ ಸಂಶೋಧನೆಯ ಮುಂದಾಳಾದರು. ಅಲ್ಲಿ ಗಂಡಸರಂತೆ ಹೆಂಗಸರೂ ಈ ರೋಗಕ್ಕೆ ತುತ್ತಾಗುತ್ತಿದ್ದುದು ಸ್ಪಷ್ಟವಾಯಿತು. ರೋಗಿಗಳೊಡನೆ ಒಂದೇ ಮನೆಯಲ್ಲಿ ಬಾಳುವವರನ್ನು ಅವರು ಪರೀಕ್ಷಿಸಿದಾಗ ಇನ್ನೊಂದು ಸಂಗತಿಯೂ ತಿಳಿಯಿತು. ಒಟ್ಟಿಗೆ ಉಣ್ಣುವುದರಿಂದ, ಮುಟ್ಟುವುದರಿಂದ ಈ ವೈರಸ್ಸು ಹರಡುವುದಿಲ್ಲ. ಲೈಂಗಿಕ ಸಂಪರ್ಕ, ಸೋಂಕಿದ ರಕ್ತ ಮತ್ತು ಸೂಜಿ, ತಾಯಿಯಿಂದ ಮಗು ಇವೇ ಅದರ ಹಾದಿಗಳು. ರೋಗಿಯ ತಟ್ಟೆ ಲೋಟವನ್ನು ಬೇರೆಯಿಡುವುದಕ್ಕೆ ವಿಜ್ಞಾನದ ಆಧಾರವಿಲ್ಲವೆಂಬುದು ಅಂದೇ ಸಿದ್ಧವಾಗಿತ್ತು.

1986ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಅವರನ್ನು ಜಿನೀವಾಕ್ಕೆ ಕರೆಸಿಕೊಂಡು ಏಡ್ಸ್ ಕಾರ್ಯಕ್ರಮವನ್ನು ಒಪ್ಪಿಸಿತು. ಬೆರಳೆಣಿಕೆಯ ಜನರೊಡನೆ ಆರಂಭವಾದ ಆ ಕಚೇರಿ ನಾಲ್ಕೇ ವರ್ಷಗಳಲ್ಲಿ ನೂರಕ್ಕೂ ಹೆಚ್ಚು ರಾಷ್ಟ್ರಗಳಿಗೆ ನೆರವಾಯಿತು. 1988ರ ಡಿಸೆಂಬರ್ 1ರಂದು ಮೊದಲ ವಿಶ್ವ ಏಡ್ಸ್ ದಿನ ನಡೆಯಿತು. ರೋಗಪೀಡಿತರ ಬಗ್ಗೆ ಭೇದಭಾವ ಸಲ್ಲದೆಂದು ವಿಶ್ವ ಆರೋಗ್ಯ ಸಭೆ ನಿರ್ಣಯ ಮಾಡಿದುದೂ ಅದೇ ವರ್ಷ.

ಭೇದಭಾವ ಬೇಡವೆಂಬುದು ಬರಿಯ ದಯೆಯ ಮಾತಲ್ಲ. ರೋಗ ತಡೆಯುವ ಉಪಾಯವೂ ಅದೇ ಎಂಬುದು ಮ್ಯಾನರ ವಾದ. ಸೋಂಕಿದವರನ್ನು ಕೂಡಿಹಾಕುವೆವೆಂದು ಸರಕಾರ ಹೆದರಿಸಿದರೆ ಯಾರು ತಾನೆ ಪರೀಕ್ಷೆಗೆ ಬಂದಾರು? ಪರೀಕ್ಷೆಯಿಲ್ಲದೆ ಸೋಂಕು ತಿಳಿಯದು. ತಿಳಿಯದವನು ಅರಿವಿಲ್ಲದೆಯೇ ಅದನ್ನು ಹರಡುತ್ತಾನೆ. ಲೈಂಗಿಕ ವೃತ್ತಿಯ ಹೆಂಗಸರು, ಸಲಿಂಗಿಗಳು, ಮಾದಕವಸ್ತುವನ್ನು ಚುಚ್ಚಿಕೊಳ್ಳುವವರು ಮೊದಲೇ ಸಮಾಜದ ಅಂಚಿನಲ್ಲಿರುವವರು. ಅವರನ್ನು ಇನ್ನಷ್ಟು ದೂರ ನೂಕಿದರೆ ವೈದ್ಯನ ಕೈಗೆ ಅವರು ಎಟುಕುವುದಿಲ್ಲ. ಗಂಡನೊಬ್ಬನನ್ನೇ ನಂಬಿ ಬಾಳುವ ಬಡ ಗೃಹಿಣಿಯ ಪಾಡಾದರೂ ಏನು? ರೋಗದ ವಿಷಯವನ್ನೆಲ್ಲ ಬಲ್ಲವಳಾದರೂ, ಗಂಡನನ್ನು ನಿರಾಕರಿಸಿದರೆ ಬೀದಿಪಾಲಾಗುವ ಅವಳಿಗೆ ಆ ತಿಳಿವಳಿಕೆ ಮಾತ್ರ ರಕ್ಷೆಯಾಗಲಾರದು. ಆಸ್ತಿಯ ಹಕ್ಕು, ವಿವಾಹದಲ್ಲಿ ಸಮಾನತೆ ಇವೂ ಔಷಧಗಳೇ ಎಂದು ಅವರು ಸಾರಿದರು.

ನಮ್ಮ ದೇಶದಲ್ಲಿ ಈ ಸೋಂಕನ್ನು 1986ರಲ್ಲಿ ಮದರಾಸಿನಲ್ಲಿ ಮೊದಲು ಪತ್ತೆಮಾಡಿದವರು ಡಾಕ್ಟರ್ ಸುನೀತಿ ಸಾಲೋಮನ್ ಮತ್ತು ಡಾಕ್ಟರ್ ನಿರ್ಮಲಾ. 1989ರಲ್ಲಿ ನೆರೆಯ ಗೋವಾದಲ್ಲಿ ಡೊಮಿನಿಕ್ ಡಿಸೋಜಾ ಎಂಬ ತರುಣನನ್ನು ಸೋಂಕಿದೆಯೆಂಬ ಒಂದೇ ಕಾರಣಕ್ಕೆ ಕಾನೂನಿನ ಬಲದಿಂದ 64 ದಿನ ಪ್ರತ್ಯೇಕವಾಗಿ ಬಂಧನದಲ್ಲಿಟ್ಟರು. ಆತ ರೋಗಿಗಳಿಗೆ ರಕ್ತದಾನ ಮಾಡುತ್ತಿದ್ದ ಉದಾರಿ. ಪರೋಪಕಾರಕ್ಕೆಂದು ರಕ್ತ ಕೊಟ್ಟವನಿಗೆ ದೊರೆತುದು ಸೆರೆಮನೆ! ಮ್ಯಾನ್ ಎಚ್ಚರಿಸುತ್ತಿದ್ದುದು ಇಂಥ ಕ್ರಮಗಳ ವಿರುದ್ಧವೇ.

ಮೇಲಧಿಕಾರಿಯಾದ ಹಿರೋಷಿ ನಕಾಜಿಮಾ ಅವರೊಡನೆ ಭಿನ್ನಾಭಿಪ್ರಾಯ ಬಂದಾಗ ಮ್ಯಾನ್ 1990ರಲ್ಲಿ ರಾಜೀನಾಮೆಯಿತ್ತು ಹಾರ್ವರ್ಡಿಗೆ ಮರಳಿದರು. 1992ರ ಅಂತರರಾಷ್ಟ್ರೀಯ ಏಡ್ಸ್ ಸಮ್ಮೇಳನವು ಅವರ ಹುಟ್ಟೂರಾದ ಬಾಸ್ಟನ್ನಿನಲ್ಲಿ ನಡೆಯಬೇಕಾಗಿತ್ತು. ಸೋಂಕಿದವರಿಗೆ ಅಮೆರಿಕವು ಪ್ರವೇಶ ನಿಷೇಧಿಸಿದ್ದರಿಂದ ಅದನ್ನು ಆಮ್‌ಸ್ಟರ್‌ಡ್ಯಾಮಿಗೆ ಸಾಗಿಸಿ, ಮ್ಯಾನ್ ಅವರೇ ಅಧ್ಯಕ್ಷತೆ ವಹಿಸಿದರು. ರೋಗಿಗಳಿಗೆ ಬಾಗಿಲು ಮುಚ್ಚಿದ ನಾಡಿನಲ್ಲಿ ರೋಗದ ಚರ್ಚೆ ಹೇಗೆ ತಾನೆ ಸಲ್ಲುತ್ತದೆ? ಆ ನಿಷೇಧ ತೊಲಗಿದುದು 2010ರಲ್ಲಿ.

1998ರ ಸೆಪ್ಟೆಂಬರ್ 2ರಂದು ನ್ಯೂಯಾರ್ಕಿನಿಂದ ಜಿನೀವಾಕ್ಕೆ ಹೊರಟ ವಿಮಾನವು ಬೆಂಕಿಗೆ ಸಿಕ್ಕಿ ಕೆನಡಾದ ನೋವಾ ಸ್ಕೋಷಿಯಾ ತೀರದ ಕಡಲಿಗೆ ಬಿದ್ದಿತು. ಅದರಲ್ಲಿದ್ದ 229 ಜನರೂ ಮಡಿದರು. ಅವರೊಳಗೆ ಮ್ಯಾನ್ ಅವರೂ, ಲಸಿಕೆಯ ಸಂಶೋಧಕಿಯಾಗಿದ್ದ ಪತ್ನಿ ಮೇರಿ ಲೂ ಅವರೂ ಇದ್ದರು. ಆಗ ಮ್ಯಾನರಿಗೆ 51 ವರ್ಷ.

ಇಂದು ಔಷಧೋಪಚಾರ ಬಹಳ ಮುಂದುವರಿದಿದೆ. ಭಾರತ ಸರಕಾರವು 2004ರಿಂದ ಔಷಧಗಳನ್ನು ಉಚಿತವಾಗಿ ಕೊಡುತ್ತಿದೆ. 2017ರಲ್ಲಿ ರಚಿತವಾದ ಕಾಯಿದೆಯು ಉದ್ಯೋಗ, ಶಿಕ್ಷಣ, ವೈದ್ಯೋಪಚಾರಗಳಲ್ಲಿ ಸೋಂಕಿತರ ಬಗೆಗಿನ ಭೇದವನ್ನು ನಿಷೇಧಿಸಿ, ಅವರ ಗುಟ್ಟನ್ನು ಕಾಪಾಡಲು ವಿಧಿಸಿದೆ. ಮ್ಯಾನರು ಪ್ರತಿಪಾದಿಸಿದ ತತ್ತ್ವವೇ ನಮ್ಮ ಶಾಸನದ ಪುಟಗಳಲ್ಲಿ ನೆಲೆಸಿದೆಯೆನ್ನಬಹುದು.

ಆದರೆ ಶಾಸನವು ಮನೆಯ ಹೊಸಿಲನ್ನು ದಾಟಿ ಒಳಗೆ ಬರಲಾರದು. ನಮ್ಮಲ್ಲಿ ಎಷ್ಟೋ ಮಂದಿ ತಮ್ಮ ಮನೆತನದಲ್ಲಿ ಮೊದಲ ಬಾರಿಗೆ ಕಾಲೇಜಿನ ಮೆಟ್ಟಿಲೇರಿದವರು. ರಜೆಯಲ್ಲಿ ಊರಿಗೆ ಹೋದಾಗ ಪತ್ರವನ್ನು ಓದಿಹೇಳಲು, ಆಸ್ಪತ್ರೆಯ ಚೀಟಿಯ ಅರ್ಥ ತಿಳಿಸಲು ನೆರೆಹೊರೆಯವರು ನಮ್ಮನ್ನೇ ಅರಸಿ ಬರುತ್ತಾರೆ. ಈ ರೋಗದ ಹೆಸರನ್ನು ಪಿಸುಮಾತಿನಲ್ಲಿ ಆಡುವ ಓಣಿಯಲ್ಲಿ, ಮುಟ್ಟಿದರೆ ಅಂಟದು, ಚಿಕಿತ್ಸೆಯುಂಟು, ಹೆದರಬೇಡಿರೆಂದು ಬಾಯಿಬಿಟ್ಟು ಹೇಳುವ ಹೊಣೆಯೂ ನಮ್ಮದೇ. ಆ ಮಾತನ್ನಾಡಿ, ಸೋಂಕಿದವರ ಪಂಕ್ತಿಯಲ್ಲಿ ಕುಳಿತು ಉಣ್ಣುವ ಧೈರ್ಯವನ್ನು ನಾವು ತೋರಿದರೆ, ಆ ಮಹನೀಯರಿಗೆ ಸಲ್ಲತಕ್ಕ ಗೌರವ ಸಂದಂತಾದೀತು.