ಕುರಿಯ ಥೈರಾಯ್ಡ್‌ನಿಂದ ಮದ್ದು ಮಾಡಿದ ಡಾ. ಜಾರ್ಜ್ ಮರ್ರೆ

ಬೆಳಗ್ಗೆ ಎದ್ದು ಬರಿಹೊಟ್ಟೆಗೆ ಥೈರಾಯ್ಡ್ ಮಾತ್ರೆ ನುಂಗಿ, ಅರ್ಧ ಗಂಟೆ ಬಿಟ್ಟು ಚಹಾ ಕುಡಿಯುವವರು ಇಂದು ನಮ್ಮ ಊರುಗಳಲ್ಲಿ ಅನೇಕರಿದ್ದಾರೆ. ಈ ಚಿಕಿತ್ಸೆಗೆ ದಾರಿ ತೋರಿದವರು ಇಂಗ್ಲೆಂಡಿನ ವೈದ್ಯ ಜಾರ್ಜ್ ರೆಡ್‌ಮೇನ್ ಮರ್ರೆ. ವೈದ್ಯಲೋಕದಲ್ಲಿ ಹೆಸರುವಾಸಿಯಾದ ಇವರನ್ನು ಮಾತ್ರೆ ನುಂಗುವ ನಾವು ಮಾತ್ರ ಅರಿತಿಲ್ಲ.

1865ರಲ್ಲಿ ಜನಿಸಿದ ಮರ್ರೆಯವರ ತಂದೆಯೂ ನ್ಯೂಕ್ಯಾಸಲ್ ಪಟ್ಟಣದಲ್ಲಿ ವೈದ್ಯರಾಗಿದ್ದರು. ಕೇಂಬ್ರಿಜ್‌ನಲ್ಲಿಯೂ ಲಂಡನಿನ ಯೂನಿವರ್ಸಿಟಿ ಕಾಲೇಜು ಆಸ್ಪತ್ರೆಯಲ್ಲಿಯೂ ಕಲಿತು ಹುಟ್ಟೂರಿಗೆ ಮರಳಿದಾಗ ಅವರಿಗೆ ಇನ್ನೂ 26 ತುಂಬಿರಲಿಲ್ಲ.

ಕುತ್ತಿಗೆಯ ಮುಂಭಾಗದಲ್ಲಿ ಚಿಟ್ಟೆಯಾಕಾರದಲ್ಲಿರುವ ಥೈರಾಯ್ಡ್ ಗ್ರಂಥಿ ಸೋತರೆ ಮುಖ ಊದಿಕೊಳ್ಳುತ್ತದೆ, ಚರ್ಮ ಒಣಗುತ್ತದೆ, ಮಾತು ನಿಧಾನವಾಗುತ್ತದೆ, ನಾಡಿಯೂ ನಿಧಾನವಾಗುತ್ತದೆ. ಮಿಕ್ಸೆಡೀಮಾ ಎಂಬ ಈ ಕಾಯಿಲೆಗೆ ಆಗ ಮದ್ದಿರಲಿಲ್ಲ. ಲಿಸ್ಬನ್ನಿನ ಇಬ್ಬರು ವೈದ್ಯರು ಕುರಿಯ ಗ್ರಂಥಿಯನ್ನು ರೋಗಿಯ ಚರ್ಮದಡಿಯಲ್ಲಿ ಕಸಿ ಮಾಡಿದಾಗ ಮರುದಿನವೇ ಸುಧಾರಣೆ ಕಂಡಿತ್ತು. ಅಷ್ಟು ಬೇಗ ಕಸಿ ಬೇರೂರುವುದು ಸಾಧ್ಯವಿಲ್ಲ, ಗ್ರಂಥಿಯ ರಸವೇ ಮೈಗೆ ಸೇರಿ ಗುಣ ಕೊಟ್ಟಿರಬೇಕು ಎಂದು ಮರ್ರೆ ತರ್ಕಿಸಿದರು. ಹಾಗಾದರೆ ಕಸಿಯೇಕೆ, ರಸವನ್ನೇ ಚುಚ್ಚಬಹುದಲ್ಲ! 1891ರ ಫೆಬ್ರವರಿಯಲ್ಲಿ ಸ್ಥಳೀಯ ವೈದ್ಯರ ಸಭೆಯಲ್ಲಿ ಈ ವಿಚಾರ ಹೇಳಿದಾಗ ಹಿರಿಯರೊಬ್ಬರು ತಮಾಷೆ ಮಾಡಿದರಂತೆ. ಹೊಸಬರ ಮಾತಿಗೆ ಎಲ್ಲ ಊರಲ್ಲೂ ಇದೇ ಗತಿ.

ಮರ್ರೆ ಹಿಂಜರಿಯಲಿಲ್ಲ. ಕುರಿಯ ಗ್ರಂಥಿಯನ್ನು ಸಣ್ಣಗೆ ಹೆಚ್ಚಿ, ಗ್ಲಿಸರಿನ್ ಮತ್ತು ಕಾರ್ಬಾಲಿಕ್ ಆಮ್ಲದಲ್ಲಿ ನೆನೆಸಿ, ಕುದಿನೀರಿನಲ್ಲಿ ಅದ್ದಿದ ಕರವಸ್ತ್ರದಲ್ಲಿ ಹಿಂಡಿ ರಸ ತೆಗೆದರು. ಅದೇ ವರ್ಷ ಏಪ್ರಿಲ್‌ನಲ್ಲಿ 46 ವರ್ಷದ ಮಹಿಳೆಯೊಬ್ಬರಿಗೆ ಚುಚ್ಚುಮದ್ದು ಆರಂಭಿಸಿದರು. ಕೆಲವೇ ತಿಂಗಳಲ್ಲಿ ಊತ ಇಳಿಯಿತು, ಮಾತು ಚುರುಕಾಯಿತು. ಅಕ್ಟೋಬರ್‌ನಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ವರದಿ ಪ್ರಕಟವಾಯಿತು. ಮರುವರ್ಷ ಇತರ ವೈದ್ಯರು ಗ್ರಂಥಿಯನ್ನು ಬಾಯಿಯ ಮೂಲಕ ಕೊಟ್ಟರೂ ಸಾಕೆಂದು ತೋರಿಸಿದ್ದರಿಂದ ಸೂಜಿಯ ಕಷ್ಟವೂ ತಪ್ಪಿತು.

ಆದರೆ ಒಂದು ಅಪಾಯವೂ ಬೇಗನೆ ಗೊತ್ತಾಯಿತು. ಥೈರಾಯ್ಡ್ ಕಡಿಮೆಯಾದ ಮೈಯಲ್ಲಿ ಹೃದಯವೂ ಮೆಲ್ಲಗೆ ದುಡಿಯುತ್ತಿರುತ್ತದೆ. ಒಮ್ಮೆಲೇ ಹೆಚ್ಚು ಮದ್ದು ಕೊಟ್ಟರೆ ಇಡೀ ದೇಹ ರಕ್ತ ಕೇಳುತ್ತದೆ, ರಕ್ತನಾಳ ಕಿರಿದಾದ ಹೃದಯಕ್ಕೆ ಅದನ್ನು ಪೂರೈಸಲಾಗದು. ಎದೆನೋವು ಬಂದವರೂ ಪ್ರಾಣ ಕಳೆದುಕೊಂಡವರೂ ಆ ಮೊದಲ ವರ್ಷಗಳಲ್ಲಿ ಇದ್ದರು. ವಯಸ್ಸಾದವರಿಗೂ ಹೃದ್ರೋಗಿಗಳಿಗೂ ಇಂದು ವೈದ್ಯರು ಸಣ್ಣ ಪ್ರಮಾಣದಿಂದ ಆರಂಭಿಸುವುದು ಇದೇ ಕಾರಣಕ್ಕೆ. ಬೇಗ ಗುಣವಾಗಲೆಂದು ತಾವೇ ಎರಡು ಮಾತ್ರೆ ನುಂಗುವವರು ಇದನ್ನು ಗಮನಿಸಬೇಕು. ಮದ್ದು ಹೆಚ್ಚಾದರೆ ಹೃದಯದ ಬಡಿತದ ತಾಳವೇ ತಪ್ಪಬಹುದು.

ಮರ್ರೆ ಕಂಡದ್ದು ತೀವ್ರ ಕೊರತೆಯನ್ನು. ರಕ್ತಪರೀಕ್ಷೆಯಲ್ಲಿ ಟಿಎಸ್‌ಎಚ್ ಮಾತ್ರ ತುಸು ಏರಿರುವ ಸೌಮ್ಯ ಕೊರತೆ ಅವರ ಕಾಲದಲ್ಲಿ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಅದರಲ್ಲಿಯೂ ಹೃದಯ ಸಡಿಲಗೊಳ್ಳುವುದು ನಿಧಾನವಾಗಬಹುದು, ಕೊಲೆಸ್ಟರಾಲ್ ಏರಬಹುದು. ಟಿಎಸ್‌ಎಚ್ 10 ದಾಟಿದವರಲ್ಲಿ ಹೃದಯದ ತೊಂದರೆ ಹೆಚ್ಚೆಂದು ಅಧ್ಯಯನಗಳು ತಿಳಿಸಿವೆ. ಆದರೆ 65 ದಾಟಿದ 737 ಮಂದಿ ಸೌಮ್ಯ ಕೊರತೆಯವರ ಮೇಲೆ ಯುರೋಪಿನಲ್ಲಿ ನಡೆಸಿ 2017ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಮಾತ್ರೆಯಿಂದ ಆಯಾಸ ಮುಂತಾದ ಲಕ್ಷಣಗಳು ಕಡಿಮೆಯಾಗಲಿಲ್ಲ. ಆದ್ದರಿಂದ ಯಾರಿಗೆ ಮಾತ್ರೆ ಬೇಕು, ಯಾರಿಗೆ ಬರೇ ಕಾದು ನೋಡಿದರೆ ಸಾಕು ಎಂಬುದನ್ನು ವೈದ್ಯರು ವಯಸ್ಸು ಮತ್ತು ಹೃದಯವನ್ನು ನೋಡಿಯೇ ನಿರ್ಧರಿಸುತ್ತಾರೆ.

ಮರ್ರೆ 1908ರಿಂದ ಮ್ಯಾಂಚೆಸ್ಟರ್‌ನಲ್ಲಿ ವೈದ್ಯಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು. ಅವರ ಆ ಮೊದಲ ರೋಗಿ ಮದ್ದು ಬಿಡದೆ 28 ವರ್ಷ ಬದುಕಿ, 1919ರಲ್ಲಿ ತಮ್ಮ 74ನೇ ವಯಸ್ಸಿನಲ್ಲಿ ಹೃದಯ ಸೋತು ತೀರಿಕೊಂಡರು. ಅಷ್ಟು ವರ್ಷಗಳಲ್ಲಿ ಅವರಿಗೆ 870ಕ್ಕೂ ಹೆಚ್ಚು ಕುರಿಗಳ ಗ್ರಂಥಿ ಬೇಕಾಗಿತ್ತು. ಆ ಲೆಕ್ಕವನ್ನು 1920ರಲ್ಲಿ ಮರ್ರೆಯವರೇ ಬರೆದಿಟ್ಟರು. 1939ರಲ್ಲಿ ಅವರೂ ನಿಧನರಾದಾಗ ವಯಸ್ಸು 74.